ಗೇರ್‌ಬಾಕ್ಸಿಗೆ ವೇಗ ಹೇಳಿದವರು ಯಾರು?

ಆಟೋಮ್ಯಾಟಿಕ್ ಕಾರಿನ ಮಾತು ಬಂದರೆ ಸಾಕು, ಎಲ್ಲರೂ ಹೇಳುವುದು ಒಂದೇ: ಕ್ಲಚ್ ಇಲ್ಲ, ಗೇರ್ ಬದಲಿಸುವ ತಾಪತ್ರಯ ಇಲ್ಲ. ನಿಜ ಹೇಳಬೇಕೆಂದರೆ ಆ ತಾಪತ್ರಯ ಎಲ್ಲಿಗೂ ಹೋಗಿಲ್ಲ, ನಮ್ಮ ಕೈಯಿಂದ ಗೇರ್‌ಬಾಕ್ಸಿನ ಪಾಲಿಗೆ ಬಂದಿದೆ, ಅಷ್ಟೆ. ಯಾವಾಗ ಎರಡನೇ ಗೇರಿಗೆ ಏರಬೇಕು, ಯಾವಾಗ ಮೂರರಿಂದ ಇಳಿಯಬೇಕು ಎಂದು ಅದೇ ತೀರ್ಮಾನಿಸಬೇಕು. ಅದಕ್ಕೆ ಮುಖ್ಯವಾಗಿ ಎರಡು ಸಂಗತಿ ಗೊತ್ತಿರಬೇಕು. ಒಂದು, ಡ್ರೈವರ್ ಆಕ್ಸಿಲರೇಟರನ್ನು ಎಷ್ಟು ಒತ್ತಿದ್ದಾರೆ. ಎರಡು, ಗೇರ್‌ಬಾಕ್ಸಿನಿಂದ ಚಕ್ರಗಳ ಕಡೆಗೆ ಹೊರಡುವ ಔಟ್‌ಪುಟ್ ಶಾಫ್ಟ್ ಎಷ್ಟು ವೇಗವಾಗಿ ತಿರುಗುತ್ತಿದೆ. ಮೊದಲನೆಯದು ಕಾಲಿನ ಕೆಳಗೇ ಇದೆ, ಸುಲಭ. ಎರಡನೆಯದನ್ನು ತಿಳಿಯುವ ದಾರಿ ಬದಲಾದಾಗಲೆಲ್ಲ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಚರಿತ್ರೆಯೇ ಮಗ್ಗುಲು ಬದಲಿಸಿದೆ. ಕಂಪ್ಯೂಟರ್ ಬಂದದ್ದನ್ನು ಎಲ್ಲರೂ ಹೊಗಳುತ್ತಾರೆ. ಅದಕ್ಕೆ ಸುದ್ದಿ ಮುಟ್ಟಿಸುವ ಔಟ್‌ಪುಟ್ ಸ್ಪೀಡ್ ಸೆನ್ಸರ್‌ನ ಹೆಸರು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಹೊಗಳಿಕೆಯಲ್ಲಿ ದೊಡ್ಡ ಪಾಲು ಅದಕ್ಕೇ ಸಲ್ಲಬೇಕು ಎಂಬುದು ನನ್ನ ವಾದ.

ಶುರುವಿನಿಂದಲೇ ನೋಡೋಣ. ಬಾಸ್ಟನ್ನಿನ ಸ್ಟರ್ಟೆವಂಟ್ ಸೋದರರು 1904ರಲ್ಲಿ ಒಂದು ಗೇರ್‌ಬಾಕ್ಸ್ ಮಾಡಿದರು. ತಿರುಗುವ ತೂಕಗಳು ವೇಗ ಹೆಚ್ಚಿದಂತೆ ಹೊರಕ್ಕೆ ಚಿಮ್ಮಿ ತಾವೇ ಗೇರ್ ಬದಲಿಸಬೇಕೆಂಬುದು ಅದರ ಉಪಾಯ. ವೇಗ ಅಳೆಯುವುದು, ತೀರ್ಮಾನಿಸುವುದು, ಕೆಲಸ ಮಾಡಿ ಮುಗಿಸುವುದು, ಮೂರೂ ಆ ತೂಕಗಳ ಹೆಗಲಿಗೇ ಬಿದ್ದವು. ತೂಕಗಳು ಆ ಭಾರ ತಾಳದೆ ಮುರಿದವು, ಯೋಜನೆಯೂ ಅಲ್ಲಿಗೇ ನಿಂತಿತು. ಮುಂದಿನ ಮೂವತ್ತು ವರ್ಷಗಳ ಪೇಟೆಂಟುಗಳ ಪಟ್ಟಿಯನ್ನು ಇಲ್ಲಿ ಓದಿ ನಿಮಗೆ ಬೇಸರ ತರಿಸುವುದಿಲ್ಲ. ನೇರವಾಗಿ ಅರ್ಲ್ ಥಾಂಪ್ಸನ್ ಎಂಬ ಎಂಜಿನಿಯರ್ ಬಳಿಗೆ ಹೋಗೋಣ. ಇವತ್ತು ಎಲ್ಲ ಮ್ಯಾನ್ಯುಯಲ್ ಕಾರುಗಳಲ್ಲೂ ಇರುವ, ಗೇರ್ ಸಲೀಸಾಗಿ ಬೀಳುವಂತೆ ಮಾಡುವ ಸಿಂಕ್ರೊಮೆಶ್ ಈತನ ಕೊಡುಗೆ. 1929ರ ಮಾಡೆಲ್‌ನ ಕ್ಯಾಡಿಲಾಕ್ ಕಾರಿನಲ್ಲಿ ಅದು ಮೊದಲು ಬಂತು. ಮ್ಯಾನ್ಯುಯಲ್ ಗೇರನ್ನು ಇಷ್ಟು ಸಲೀಸು ಮಾಡಿದ ಮನುಷ್ಯನೇ ಮುಂದೆ ಆ ಗೇರ್ ಹಿಡಿಕೆಯನ್ನೇ ಬೇಡವಾಗಿಸಲು ಹೊರಟದ್ದು ಈ ಕಥೆಯ ಸೊಗಸು. ಜನರಲ್ ಮೋಟಾರ್ಸ್‌ನಲ್ಲಿ ಆತನ ತಂಡ 1937ರ ಓಲ್ಡ್ಸ್‌ಮೊಬೀಲ್‌ಗೆ ಅರೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೊಟ್ಟಿತು. ಅದಕ್ಕಿನ್ನೂ ಕ್ಲಚ್ ಪೆಡಲ್ ಇತ್ತು. 1940ರ ಮಾಡೆಲ್‌ಗೆ ಬಂದ ಹೈಡ್ರಾ-ಮ್ಯಾಟಿಕ್ ಆ ಪೆಡಲನ್ನೂ ತೆಗೆದುಹಾಕಿತು. ನಾಲ್ಕು ಗೇರ್, ಹೆಚ್ಚುವರಿ ಬೆಲೆ 57 ಡಾಲರ್. ಎರಡನೇ ಮಹಾಯುದ್ಧದಲ್ಲಿ ಇದೇ ಗೇರ್‌ಬಾಕ್ಸ್ ಅಮೆರಿಕದ ಎಂ5 ಲಘು ಟ್ಯಾಂಕುಗಳನ್ನೂ ಓಡಿಸಿತು. ಒಂದೊಂದು ಟ್ಯಾಂಕಿಗೆ ಎರಡು ಕ್ಯಾಡಿಲಾಕ್ ಎಂಜಿನ್, ಎರಡು ಹೈಡ್ರಾ-ಮ್ಯಾಟಿಕ್. ಥಾಂಪ್ಸನ್‌ಗೆ 1963ರಲ್ಲಿ ಎಲ್ಮರ್ ಸ್ಪೆರಿ ಪ್ರಶಸ್ತಿ ಬಂತು. ಅಷ್ಟಾದರೂ ಹೆನ್ರಿ ಫೋರ್ಡ್ ಹೆಸರು ಬಲ್ಲ ನೂರು ಜನರಲ್ಲಿ ಒಬ್ಬರೂ ಈತನ ಹೆಸರು ಕೇಳಿರಲಿಕ್ಕಿಲ್ಲ. ಅದು ಅನ್ಯಾಯ.

ಥಾಂಪ್ಸನ್ ತಂಡ ವೇಗವನ್ನು ತಿಳಿದದ್ದು ಗವರ್ನರ್‌ನಿಂದ. ಜೇಮ್ಸ್ ವಾಟ್ 1788ರಲ್ಲಿ ಹಬೆ ಎಂಜಿನ್‌ಗೆ ಕೂರಿಸಿದ ತಿರುಗುವ ಗುಂಡುಗಳ ವಂಶಕ್ಕೇ ಸೇರಿದ್ದು ಅದು. ಔಟ್‌ಪುಟ್ ಶಾಫ್ಟಿನ ವೇಗದಲ್ಲಿ ತಿರುಗುವ ತೂಕಗಳು ಹೊರಕ್ಕೆ ಸರಿದಂತೆ ಆಯಿಲ್‌ನ ಒತ್ತಡ ಏರುತ್ತದೆ. ಒಂದು ಪುಟ್ಟ ವಾಲ್ವಿನ ಒಂದು ತುದಿಯನ್ನು ಈ ಒತ್ತಡ ತಳ್ಳುತ್ತದೆ, ಇನ್ನೊಂದು ತುದಿಯನ್ನು ಸ್ಪ್ರಿಂಗ್ ಮತ್ತು ಆಕ್ಸಿಲರೇಟರ್‌ನಿಂದ ಬಂದ ಒತ್ತಡ ತಳ್ಳುತ್ತವೆ. ವೇಗದ ಕಡೆ ಗೆದ್ದರೆ ವಾಲ್ವ್ ಸರಿದು ಗೇರ್ ಏರುತ್ತದೆ. ಲೆಕ್ಕ ಬರೆಯುವ ಶಾನುಭೋಗನೇ ತೀರ್ಪು ಕೊಡುವ ಪಟೇಲನೂ ಆದರೆ ಹೇಗಿರುತ್ತದೋ ಗವರ್ನರ್ ಹಾಗಿತ್ತು: ಕೆಲಸ ಬೇಗ ಮುಗಿಯುತ್ತದೆ, ಆದರೆ ಲೆಕ್ಕ ತಪ್ಪಿದರೆ ಕೇಳುವವರಿಲ್ಲ. ಲೆಕ್ಕದಲ್ಲೇ ಒಂದು ತೊಡಕೂ ಇತ್ತು. ತಿರುಗುವ ತೂಕದ ಸೆಳೆತ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಸೆಳೆತ ನಾಲ್ಕು ಪಟ್ಟು. ಕಡಿಮೆ ವೇಗದಲ್ಲಿ ಸೂಚನೆ ತೀರಾ ಕ್ಷೀಣ, ಹೆಚ್ಚು ವೇಗದಲ್ಲಿ ವಿಪರೀತ. ಹಾಗಾಗಿ ಹೈಡ್ರಾ-ಮ್ಯಾಟಿಕ್‌ನಲ್ಲಿ ನಿಧಾನದ ಓಟಕ್ಕೊಂದು ಭಾರದ ತೂಕ, ವೇಗದ ಓಟಕ್ಕೊಂದು ಹಗುರ ತೂಕ ಇಡಬೇಕಾಯಿತು. ಸ್ಪ್ರಿಂಗು, ತೂಕಗಳನ್ನು ಕಾರ್ಖಾನೆಯಲ್ಲಿ ಒಮ್ಮೆ ಕೂರಿಸಿದರೆ ಗೇರ್‌ಬಾಕ್ಸಿನ ಬುದ್ಧಿ ಅಷ್ಟಕ್ಕೇ ನಿಂತಿತು. ಒಳಗಿನ ಕ್ಲಚ್ ಪ್ಲೇಟ್ ಸವೆದರೂ, ಆಯಿಲ್ ಹಳತಾದರೂ ಅದು ಹಳೆಯ ತೀರ್ಪನ್ನೇ ಕೊಡುತ್ತಿತ್ತು.

ಐವತ್ತು, ಅರವತ್ತರ ದಶಕಗಳನ್ನು ಹಾರಿಸಿಬಿಡೋಣ. ಗೇರ್‌ಬಾಕ್ಸುಗಳು ಬದಲಾದರೂ ಗವರ್ನರ್ ಕದಲಲಿಲ್ಲ. ಅದರ ಕುರ್ಚಿ ಅಲುಗಾಡಿಸಿದ್ದು 1973ರ ತೈಲ ಬಿಕ್ಕಟ್ಟು. ಆಟೋಮ್ಯಾಟಿಕ್‌ನ ಟಾರ್ಕ್ ಕನ್ವರ್ಟರಿನಲ್ಲಿ ಎಂಜಿನ್ನಿನ ಶಕ್ತಿ ಆಯಿಲ್ ಮೂಲಕ ದಾಟುವಾಗ ಒಂದಿಷ್ಟು ಪೋಲಾಗುತ್ತದೆ. ಹೆದ್ದಾರಿಯ ವೇಗದಲ್ಲಿ ಅದನ್ನು ಲಾಕ್ ಮಾಡಿದರೆ ಪೆಟ್ರೋಲ್ ಉಳಿಯುತ್ತದೆ. ಲಾಕ್ ಯಾವಾಗ ಹಾಕಬೇಕೆಂದು ಹೇಳಲು ಎಂಜಿನ್ನಿನ ಹೊಸ ಕಂಪ್ಯೂಟರಿಗೆ ಗಾಡಿಯ ವೇಗ ಬೇಕಾಯಿತು. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಜನರಲ್ ಮೋಟಾರ್ಸ್ ಮಾಡಿದ ಉಪಾಯ ಮಜವಾಗಿದೆ. ಗೇರ್‌ಬಾಕ್ಸಿನಿಂದ ಡ್ಯಾಶ್‌ಬೋರ್ಡಿನವರೆಗೆ ಬರುವ ಸ್ಪೀಡೋಮೀಟರ್ ಕೇಬಲ್ ಒಂದು ಮೈಲಿಗೆ 1000 ಸುತ್ತು ಸುತ್ತುತ್ತಿತ್ತು. ಮೀಟರಿನ ಹಿಂದೆ ಎರಡು ಅಲಗಿನ ಹೊಳೆಯುವ ಚಕ್ರ ಇಟ್ಟು, ಅದರ ಮೇಲೆ ಸಣ್ಣ ದೀಪದ ಬೆಳಕು ಬಿಟ್ಟು, ಮರಳಿ ಬಂದ ಮಿಂಚುಗಳನ್ನು ಎಣಿಸಿದರು. ಮೈಲಿಗೆ 2000 ಮಿಂಚು. ಗೇರ್‌ಬಾಕ್ಸಿನ ಬಾಲದಲ್ಲಿ ಹುಟ್ಟಿದ ಸುದ್ದಿ ಸ್ಟೀರಿಂಗಿನ ಮುಂದಿನ ಮೀಟರಿನವರೆಗೆ ಹೋಗಿ ಕಂಪ್ಯೂಟರಿಗೆ ಬರುತ್ತಿತ್ತು. ಈ ಸುತ್ತುದಾರಿ ಬಹಳ ಕಾಲ ಬಾಳಲಿಲ್ಲ. ಔಟ್‌ಪುಟ್ ಶಾಫ್ಟಿನ ಮೇಲೆಯೇ ಹಲ್ಲಿನ ಚಕ್ರ ಕೂರಿಸಿ, ಅದರ ಹಲ್ಲುಗಳ ಎದುರಿಗೆ ಅಯಸ್ಕಾಂತಕ್ಕೆ ತಂತಿ ಸುತ್ತಿದ ಸೆನ್ಸರನ್ನು ಬೋಲ್ಟ್ ಹಾಕಿ ನಿಲ್ಲಿಸಿದರು. ಹಲ್ಲೊಂದು ಎದುರಿನಿಂದ ದಾಟಿದಾಗಲೆಲ್ಲ ತಂತಿಯಲ್ಲಿ ವಿದ್ಯುತ್ತಿನ ಒಂದು ಅಲೆ. ಜನರಲ್ ಮೋಟಾರ್ಸ್‌ನ 4ಎಲ್60-ಇ ಗೇರ್‌ಬಾಕ್ಸಿನ ಚಕ್ರಕ್ಕೆ 40 ಹಲ್ಲು. ಶಾಫ್ಟ್ ನಿಮಿಷಕ್ಕೆ 2000 ಸುತ್ತು ತಿರುಗಿದರೆ ಸೆಕೆಂಡಿಗೆ 1333 ಅಲೆ. ಇಲ್ಲಿ ಶಾನುಭೋಗ ಮತ್ತು ಪಟೇಲರ ಹುದ್ದೆ ಬೇರೆಯಾಯಿತು. ಸೆನ್ಸರ್ ಎಣಿಸುತ್ತದೆ, ಕಂಪ್ಯೂಟರ್ ತೀರ್ಮಾನಿಸುತ್ತದೆ, ಆಯಿಲ್ ಕೆಲಸ ಮಾಡುತ್ತದೆ.

ಹುದ್ದೆ ಬೇರೆಯಾದ್ದರಿಂದ ಆದ ಲಾಭವೇನು ಎಂದು ನೀವು ಕೇಳಬಹುದು. ಕ್ರೈಸ್ಲರ್ 1989ರ ಮಾಡೆಲ್‌ಗೆ ತಂದ ಅಲ್ಟ್ರಾಡ್ರೈವ್, ಜನರಲ್ ಮೋಟಾರ್ಸ್ 1991ರಲ್ಲಿ ತಂದ 4ಎಲ್80-ಇ, ಇವೆರಡರಲ್ಲೂ ಒಳಬರುವ ವೇಗಕ್ಕೊಂದು, ಹೊರಹೋಗುವ ವೇಗಕ್ಕೊಂದು ಸೆನ್ಸರ್ ಇದ್ದವು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಗೇರಿನ ಅನುಪಾತವೇ ಕೈಗೆ ಸಿಗುತ್ತದೆ. 4ಎಲ್80-ಇಯ ಎರಡನೇ ಗೇರಿನ ಅನುಪಾತ 1.48. ಔಟ್‌ಪುಟ್ ಶಾಫ್ಟ್ 1000 ಸುತ್ತು ತಿರುಗುವಾಗ ಒಳಗಿನ ಶಾಫ್ಟ್ 1480 ಸುತ್ತಬೇಕು. ಅದು 1550 ಎಂದು ತೋರಿಸಿದರೆ 70 ಸುತ್ತು ಎಲ್ಲೋ ಜಾರಿಹೋಗುತ್ತಿದೆ, ಕ್ಲಚ್ ಪ್ಲೇಟ್ ಹಿಡಿಯುತ್ತಿಲ್ಲ ಎಂದರ್ಥ. ಡ್ರೈವರ್‌ಗೆ ಏನೂ ಅನ್ನಿಸುವ ಮೊದಲೇ ಕಂಪ್ಯೂಟರಿಗೆ ಅದು ಗೊತ್ತಾಗುತ್ತದೆ. ಪ್ಲೇಟ್ ಸವೆದಷ್ಟಕ್ಕೆ ಆಯಿಲ್ ಒತ್ತಡವನ್ನು ಸರಿದೂಗಿಸಬಹುದು, ಮಿತಿ ಮೀರಿದರೆ ಎಚ್ಚರಿಸಬಹುದು. ಗವರ್ನರ್ ಕಾಲದಲ್ಲಿ ಈ ವಿಷಯ ತಿಳಿಯುತ್ತಿದ್ದದ್ದು ಗೇರ್‌ಬಾಕ್ಸ್ ಬಿಚ್ಚಿ ಸುಟ್ಟ ಪ್ಲೇಟ್ ನೋಡಿದ ಮೇಲೆ.

ಸೆನ್ಸರಿನ ಪರವಾದ ಈ ವಾದಕ್ಕೆ ಆಕ್ಷೇಪಗಳಿವೆ. ಹಳೆಯ ಮೆಕ್ಯಾನಿಕ್‌ಗಳು ಹೇಳುವ ಮೊದಲ ಮಾತು: ಗವರ್ನರ್‌ಗೆ ವೈರೂ ಇಲ್ಲ, ಫ್ಯೂಸೂ ಇಲ್ಲ, ಈಗ ಒಂದು ಅಗ್ಗದ ಸೆನ್ಸರ್ ಕೈಕೊಟ್ಟರೆ ಕಾರು ಒಂದೇ ಗೇರಿನಲ್ಲಿ ಕುಂಟುತ್ತದೆ. ಅಲ್ಟ್ರಾಡ್ರೈವ್ ಅನುಮಾನ ಬಂದರೆ ಎರಡನೇ ಗೇರಿನಲ್ಲೇ ನಿಂತುಬಿಡುತ್ತಿತ್ತು. ಮೊದಲ ವರ್ಷಗಳಲ್ಲಿ ಅದಕ್ಕೆ ಬಂದ ಕೆಟ್ಟ ಹೆಸರು ಸೆನ್ಸರುಗಳಿಗೂ ಅಂಟಿತು. ಆಕ್ಷೇಪದಲ್ಲಿ ಹುರುಳಿದೆ, ಆದರೆ ಗವರ್ನರ್ ಕೆಡುತ್ತಿರಲಿಲ್ಲ ಎಂಬುದು ಸುಳ್ಳು. ಟರ್ಬೊ-ಹೈಡ್ರಾಮ್ಯಾಟಿಕ್ 350ರಲ್ಲಿ ಗವರ್ನರ್ ತಿರುಗಿಸುವ ನೈಲಾನ್ ಗೇರಿನ ಹಲ್ಲು ಉದುರಿದರೆ ಆ ಕಾರೂ ಮೊದಲ ಗೇರ್ ಬಿಟ್ಟು ಕದಲುತ್ತಿರಲಿಲ್ಲ, ಏಕೆ ಎಂದೂ ಹೇಳುತ್ತಿರಲಿಲ್ಲ. ಇಂದಿನ ಕಾರು ಕುಂಟಿದರೂ ಕಾರಣದ ಕೋಡ್ ಬರೆದಿಡುತ್ತದೆ. ಎರಡನೇ ಆಕ್ಷೇಪ: ಎಬಿಎಸ್‌ಗಾಗಿ ನಾಲ್ಕೂ ಚಕ್ರಕ್ಕೆ ಸೆನ್ಸರ್ ಇರುವಾಗ ಇದೊಂದು ಏಕೆ? ಗಾಡಿಯ ವೇಗ ತಿಳಿಯಲು ಅವು ಸಾಕು, ಎಷ್ಟೋ ಕಾರುಗಳಲ್ಲಿ ಸ್ಪೀಡೋಮೀಟರ್ ನಡೆಯುವುದೇ ಅವುಗಳಿಂದ. ಆದರೆ ತಿರುವಿನಲ್ಲಿ ನಾಲ್ಕು ಚಕ್ರ ನಾಲ್ಕು ವೇಗ ಹೇಳುತ್ತವೆ, ಕೆಸರಿನಲ್ಲಿ ಒಂದು ಚಕ್ರ ಸುಮ್ಮನೆ ಸುತ್ತುತ್ತದೆ. 70 ಸುತ್ತಿನ ಜಾರಿಕೆ ಹಿಡಿಯಬೇಕಾದರೆ ಗೇರ್‌ಬಾಕ್ಸಿನ ಬಾಗಿಲಲ್ಲೇ ಎಣಿಸಬೇಕು.

ಮೂರನೆಯದು ಹಳೆಯ ಕಾರು ಪ್ರಿಯರ ಪ್ರಶ್ನೆ: ಹಾಗಿದ್ದರೆ ಹಳೆಯ ಗೇರ್‌ಬಾಕ್ಸಿಗೂ ಒಂದು ಸೆನ್ಸರ್ ಸೇರಿಸಬಹುದಲ್ಲ? ಸೇರಿಸಬಹುದು, ಅಮೆರಿಕದಲ್ಲಿ ಎಷ್ಟೋ ಜನ ಸೇರಿಸುತ್ತಾರೆ. ಸ್ಪೀಡೋಮೀಟರ್ ಕೇಬಲ್ ಇದ್ದ ಜಾಗಕ್ಕೇ ಕೂರುವ ಪಲ್ಸ್ ಜನರೇಟರುಗಳು ಸಿಗುತ್ತವೆ. ಕಾರ್ಬ್ಯುರೇಟರ್ ತೆಗೆದು ಫ್ಯುಯಲ್ ಇಂಜೆಕ್ಷನ್ ಹಾಕಿದವರಿಗೆ, ಕನ್ವರ್ಟರ್ ಲಾಕನ್ನು ಕಂಪ್ಯೂಟರಿಗೆ ಒಪ್ಪಿಸುವವರಿಗೆ ಅದು ಬೇಕೇ ಬೇಕು. ಎಣಿಕೆ ಮಾತ್ರ ಹೊಂದಬೇಕು: ಮೈಲಿಗೆ 4000 ಪಲ್ಸ್ ಎದುರುನೋಡುವ ಕಂಪ್ಯೂಟರಿಗೆ 2000 ಕೊಡುವ ಸೆನ್ಸರ್ ಜೋಡಿಸಿದರೆ, 60ರಲ್ಲಿ ಓಡುವ ಕಾರು ಅದರ ಲೆಕ್ಕದಲ್ಲಿ 30ರಲ್ಲಿರುತ್ತದೆ. ಇಷ್ಟೆಲ್ಲ ಮಾಡಿದರೂ ಹಳೆಯ ಪೆಟ್ಟಿಗೆಯಲ್ಲಿ ಗೇರ್ ಬದಲಿಸುವುದು ಗವರ್ನರೇ. ಕಂಪ್ಯೂಟರಿಗೆ ಸುದ್ದಿ ಸಿಕ್ಕಿತು, ಅಧಿಕಾರ ಸಿಗಲಿಲ್ಲ. ಅಧಿಕಾರ ಬೇಕಾದರೆ ವಿದ್ಯುತ್ತಿನಿಂದ ನಡೆಯುವ ಸೊಲೆನಾಯ್ಡ್ ವಾಲ್ವುಗಳಿರುವ ಗೇರ್‌ಬಾಕ್ಸನ್ನೇ ಹಾಕಿಸಬೇಕು. ಇಷ್ಟು ತಿಳಿದು ಹಣ ಹಾಕುವವರಿಗೆ ನಿರಾಸೆಯಿಲ್ಲ.

ಇನ್ನು ನಮ್ಮೂರಿಗೆ ಬರೋಣ. ಬೆಂಗಳೂರಿನ ಅನೇಕರು ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಓಟವನ್ನು ಮೊದಲು ಅನುಭವಿಸಿದ್ದು 2006ರಲ್ಲಿ ಶುರುವಾದ ಬಿಎಂಟಿಸಿಯ ವೋಲ್ವೋ ಬಸ್ಸುಗಳಲ್ಲಿ. 2014ರಲ್ಲಿ ಮಾರುತಿ ಸೆಲೆರಿಯೊ ಕ್ಲಚ್ ಪೆಡಲ್ ಇಲ್ಲದ ಎಎಂಟಿಯನ್ನು, ಅಂದರೆ ತಾನೇ ಗೇರ್ ಬದಲಿಸುವ ಮ್ಯಾನ್ಯುಯಲ್ ಗೇರ್‌ಬಾಕ್ಸನ್ನು, ಸಣ್ಣ ಕಾರಿಗೂ ತಂದಿತು. ಇಂದು ನಮ್ಮ ಬೀದಿಗಳಲ್ಲಿ ಇಂಥ ಕಾರುಗಳು ಲೆಕ್ಕವಿಲ್ಲದಷ್ಟಿವೆ, ಗೇರ್‌ಬಾಕ್ಸಿನ ಹೆಸರು ಕೇಳಿದರೆ ಬೆಚ್ಚುವ ಮಾಲೀಕರೂ ಅಷ್ಟೇ ಇದ್ದಾರೆ. ಅವರಿಗೊಂದು ಮಾತು ಹೇಳಿ ಮುಗಿಸುತ್ತೇನೆ. ಕಾರು ಇದ್ದಕ್ಕಿದ್ದಂತೆ ಒಂದೇ ಗೇರಿಗೆ ಅಂಟಿಕೊಂಡರೆ, ಇಡೀ ಗೇರ್‌ಬಾಕ್ಸ್ ಬದಲಿಸಬೇಕು ಎಂದು ಯಾರಾದರೂ ಹೇಳಿದ ಕೂಡಲೇ ಒಪ್ಪಬೇಡಿ. ಮೊದಲು ಸ್ಕ್ಯಾನರ್ ಹಾಕಿಸಿ. ಪಿ0720 ಎಂಬ ಕೋಡ್ ಬಂದರೆ ದೂರು ಇರುವುದು ಔಟ್‌ಪುಟ್ ಸ್ಪೀಡ್ ಸೆನ್ಸರ್‌ನ ಸರ್ಕ್ಯೂಟಿನಲ್ಲಿ. ಸೆನ್ಸರ್, ಅದರ ವೈರು, ಕನೆಕ್ಟರ್ ಮೂರನ್ನೂ ನೋಡಿಸಿ, ಅವೆಲ್ಲ ಸರಿ ಇದ್ದರೆ ಮಾತ್ರ ಗೇರ್‌ಬಾಕ್ಸ್ ಬಿಚ್ಚಲು ಒಪ್ಪಿಗೆ ಕೊಡಿ.