ಗೋಕುಲಂನಲ್ಲಿ ಮುಧೋಳದ ನಾಯಿ

ಕನ್ನಡನಾಡಿನಲ್ಲಿ ನಾಯಿಯೊಂದರ ಸಾವನ್ನು ನೆನೆದು ಕಲ್ಲು ನಿಲ್ಲಿಸಿದ್ದರೆಂದರೆ ಕೇಳಿದವರು ಹುಬ್ಬೇರಿಸಬಹುದು. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವೇ ಅದಕ್ಕೆ ಸಾಕ್ಷಿ. ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರ ರಾಜಾದಿತ್ಯನಿಗೂ 949ರಲ್ಲಿ ತಕ್ಕೋಲದಲ್ಲಿ ಯುದ್ಧವಾಯಿತು. ಆ ಯುದ್ಧದಲ್ಲಿ ಗಂಗರ ಬೂತುಗನ ಕಡೆ ನಿಂತು ಕಾದಿದ ಮಣಲೆರನೆಂಬ ವೀರನಿಗೆ, ಬೇಕಾದುದನ್ನು ಬೇಡಿಕೊಳ್ಳೆಂದು ಒಡೆಯನು ಹೇಳಿದಾಗ, ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ನಾಯಿಯೂ ಹಂದಿಯೂ ಒಟ್ಟಿಗೇ ಸತ್ತವು. ಮಣಲೆರನು ಆತಕೂರಿನ ದೇಗುಲದ ಮುಂದೆ ಕಲ್ಲು ನಡೆಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟನು. ಹಂದಿಯ ಮೇಲೆ ಎರಗುತ್ತಿರುವ ಆ ನಾಯಿಯನ್ನು ಇಂದಿಗೂ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು.

ಕಾಳಿ ಯಾವ ತಳಿಯದೆಂದು ಕಲ್ಲು ಹೇಳುವುದಿಲ್ಲ. ಆದರೆ ಅದಕ್ಕೊಂದು ಕೆಲಸವಿತ್ತು, ಆ ಕೆಲಸದಿಂದಲೇ ಅದರ ಬೆಲೆ ನಿರ್ಧಾರವಾಗಿತ್ತು ಎಂಬುದು ಸ್ಪಷ್ಟ. ನಾಯಿಗಳನ್ನು ಸಾಕಿ, ಮರಿ ಮಾಡಿಸಿ, ಪ್ರದರ್ಶನಗಳಿಗೆ ಕರೆದೊಯ್ಯುವ ನಮ್ಮಂಥವರಿಗೆ ಇಂದು ಎದುರಾಗಿರುವ ತೊಡಕು ಇಲ್ಲಿಂದಲೇ ಮೊದಲಾಗುತ್ತದೆ.

ನಮ್ಮಲ್ಲಿ ಹೆಸರಾದ ಬೇಟೆನಾಯಿಯೆಂದರೆ ಮುಧೋಳದ್ದು. ಘಟಪ್ರಭೆಯ ದಡದ ಆ ಊರು ಕವಿ ರನ್ನನ ನಾಡೂ ಹೌದು. ಅವನು ಹುಟ್ಟಿದ್ದು ಸಹ ಅದೇ 949ರಲ್ಲೆಂದು ವಿದ್ವಾಂಸರು ಹೇಳುವುದುಂಟು; ಇದು ಆಕಸ್ಮಿಕವಾದರೂ ನನಗೆ ಹಿತವಾದ ಆಕಸ್ಮಿಕ. ಮುಧೋಳ ಸಂಸ್ಥಾನದ ಘೋರ್ಪಡೆ ಮನೆತನದ ಮಾಲೋಜಿರಾವ್ ಅರಸರು ಈ ನಾಯಿಗಳ ಒಂದು ಜೊತೆಯನ್ನು ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿ ಕೊಟ್ಟರು. ಅಂದಿನಿಂದ ಊರಿನ ಹೆಸರು ನಾಯಿಗೆ ಅಂಟಿತು. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿಯನ್ನೂ ಹೊರತಂದಿತು. ನೀಳವಾದ ಮೂತಿ, ಆಳವಾದ ಎದೆ, ಬೆನ್ನಿಗಂಟಿದ ಹೊಟ್ಟೆ, ಭುಜದ ಬಳಿ ಎರಡಡಿಗೂ ಮಿಗಿಲಾದ ಎತ್ತರ. ವಾಸನೆ ಹಿಡಿದು ಹೋಗುವ ನಾಯಿ ಇದಲ್ಲ. ಕಣ್ಣಿಟ್ಟು ಓಡುವ ನಾಯಿ. ದೂರದ ಬಯಲಿನಲ್ಲಿ ಮೊಲದ ಕಿವಿ ಅಲುಗಿದರೆ ಸಾಕು, ಆಮೇಲೆ ನೀವು ಕೂಗಿದ್ದು ಅದಕ್ಕೆ ಕೇಳಿಸುವುದಿಲ್ಲ.

ಆ ಮೊಲವೇ ಈಗ ಅದಕ್ಕೆ ನಿಷಿದ್ಧ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದರ ಮುಂದಿನ ತಿದ್ದುಪಡಿಗಳೂ ಮೊಲದ ಬೇಟೆಯನ್ನು ಅಪರಾಧವನ್ನಾಗಿಸಿವೆ. ಅದು ಆಗಬೇಕಾದದ್ದೇ, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಶತಮಾನಗಳ ಕಾಲ ಒಂದೇ ಕೆಲಸಕ್ಕಾಗಿ ತಿದ್ದಿ ತೀಡಿದ ಪ್ರಾಣಿಗೆ ಆ ಕೆಲಸ ತಪ್ಪಿದರೆ ಮುಂದೇನು? ನಾಯಿಗೆ ಕೆಲಸವಿಲ್ಲ, ನಿಲ್ಲಲು ಹೊತ್ತಿಲ್ಲ ಎಂಬ ನಮ್ಮ ಗಾದೆ ಇದಕ್ಕೆ ಅಕ್ಷರಶಃ ಒಪ್ಪುತ್ತದೆ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವು ತಳಿಯನ್ನು ಉಳಿಸುವ ಕೆಲಸ ಮಾಡುತ್ತಿದೆ. 2016ರಲ್ಲಿ ಕೆಲವು ಮರಿಗಳು ಸೈನ್ಯದ ತರಬೇತಿಗೆಂದು ಮೀರತ್‌ಗೂ ಹೋದವು. ಆದರೆ ಸೈನ್ಯ ಎಷ್ಟು ಮರಿಗಳನ್ನು ತಾನೇ ತೆಗೆದುಕೊಂಡೀತು? ಮಿಕ್ಕವು ಬರುವುದು ಮನೆಗಳಿಗೆ, ಮತ್ತು ಪ್ರದರ್ಶನದ ಕಣಕ್ಕೆ.

2020ರ ಆಗಸ್ಟ್‌ನಲ್ಲಿ ಪ್ರಧಾನಮಂತ್ರಿಗಳು ತಮ್ಮ ರೇಡಿಯೊ ಭಾಷಣದಲ್ಲಿ ದೇಶೀ ತಳಿಗಳನ್ನು ಸಾಕಿರೆಂದು ಹೇಳಿ ಮುಧೋಳದ ಹೆಸರನ್ನೂ ಎತ್ತಿದರು. ಆ ವಾರದಿಂದಲೇ ನಮ್ಮ ಮನೆಯ ದೂರವಾಣಿ ಮೊಳಗತೊಡಗಿತು. ನಾವಿರುವುದು ಮೈಸೂರಿನ ಗೋಕುಲಂನಲ್ಲಿ. ನೆರೆಯ ಒಂಟಿಕೊಪ್ಪಲಿನಲ್ಲೇ 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ 'ಆಕಾಶವಾಣಿ'ಯನ್ನು ಆರಂಭಿಸಿದ್ದು. ರೇಡಿಯೊ ಮಾತಿಗೆ ಎಂಥ ಬಲವಿದೆಯೆಂಬುದು ನಮ್ಮ ಬಡಾವಣೆಯವರಿಗೆ ಹೊಸದಾಗಿ ತಿಳಿಯಬೇಕಾಗಿರಲಿಲ್ಲ. ಆದರೂ ಒಂದು ಮರಿಗೆ ಇಪ್ಪತ್ತು ಮಂದಿ ಕೇಳುವ ಪರಿಸ್ಥಿತಿ ನನಗೆ ಹೊಸದು. ಕೇಳಿದವರಲ್ಲಿ ಹೆಚ್ಚಿನವರು ನಾಯಿಯನ್ನು ನೋಡಿಯೇ ಇರಲಿಲ್ಲ.

ಈ ನಾಯಿ ಬಡಾವಣೆಯಲ್ಲಿ ಬಾಳುವ ಬಗೆಯನ್ನು ಹೇಳಬೇಕು. ಗೋಕುಲಂನ ರಸ್ತೆಗಳು ಮರದ ನೆರಳಿನವು, ನಡೆಯಲು ಚೆಂದ. ಆದರೆ ಪ್ರತಿಯೊಂದು ಅಡ್ಡರಸ್ತೆಗೂ ಅದರದೇ ಬೀದಿನಾಯಿಗಳ ಪಂಗಡವಿದೆ. ಅವುಗಳ ಗಡಿ ಎಲ್ಲಿ ಮುಗಿಯುತ್ತದೆಂಬುದು ನಗರಪಾಲಿಕೆಯ ನಕ್ಷೆಗಿಂತ ನಮ್ಮ ನಾಯಿಗಳಿಗೆ ಚೆನ್ನಾಗಿ ಗೊತ್ತು. ನಾಲ್ಕಡಿಯ ಕಾಂಪೌಂಡು ಮುಧೋಳದ ನಾಯಿಗೆ ಹೊಸ್ತಿಲಿದ್ದಂತೆ. ಅಳಿಲು, ಬೆಕ್ಕು, ಯಾರದೋ ಸ್ಕೂಟರಿನಿಂದ ಹಾರಿದ ಪ್ಲಾಸ್ಟಿಕ್ ಚೀಲ, ಎಲ್ಲವೂ ಅದಕ್ಕೆ ಮೊಲವೇ. ಆದುದರಿಂದ ಹಗ್ಗವಿಲ್ಲದೆ ಹೊರಗೆ ಬಿಡುವಂತಿಲ್ಲ. ಓಡಿಸದೆ ಇಡುವಂತೆಯೂ ಇಲ್ಲ. ಬೆಳಗ್ಗೆ ಐದಕ್ಕೆ ಎದ್ದು ಬೇಲಿ ಭದ್ರವಾಗಿರುವ ಬಯಲನ್ನು ಹುಡುಕಿಕೊಂಡು ಹೋಗಬೇಕು. ಮಳೆಯಿರಲಿ, ಮನೆಯಲ್ಲಿ ಮದುವೆಯಿರಲಿ, ಇದಕ್ಕೆ ರಜೆಯಿಲ್ಲ. ಮುಂಗಾರಿಗೆ ಮುಂಚಿನ ಮಳೆ ಬಿತ್ತೆಂದರೆ ಉಣ್ಣೆಗಳ ಕಾಟ ಬೇರೆ. ಬೆರಳ ಸಂದು, ಕಿವಿಯ ಒಳಗು ದಿನವೂ ನೋಡಬೇಕು. ನಾಯಿ ಒಂದು ಹೊತ್ತು ಅನ್ನ ಬಿಟ್ಟು, ವಸಡು ಬಿಳಿಚಿಕೊಂಡಿದ್ದರೆ ಉಣ್ಣೆಜ್ವರವೆಂದು ಶಂಕಿಸಿ ರಕ್ತಪರೀಕ್ಷೆ ಮಾಡಿಸಬೇಕು. ಇನ್ನೊಂದು ಮಾತು: ಇವುಗಳ ಮೈಯಲ್ಲಿ ಕೊಬ್ಬು ಬಹಳ ಕಡಿಮೆಯಾದ್ದರಿಂದ ಕೆಲವು ಬಗೆಯ ಅರಿವಳಿಕೆ ಔಷಧಗಳು ಬೇಗ ಇಳಿಯುವುದಿಲ್ಲ. ಶಸ್ತ್ರಚಿಕಿತ್ಸೆಗೆ ಮುಂಚೆ ವೈದ್ಯರಿಗೆ ತಳಿಯನ್ನು ತಿಳಿಸುವುದು ಒಳ್ಳೆಯದು.

ಮರಿ ಮಾಡಿಸುವುದನ್ನು ಜನ ಲಾಭದ ಕಸುಬೆಂದು ತಿಳಿದಿದ್ದಾರೆ. ಒಂದು ಸಲ ರಾತ್ರಿಯ ಕಾವಲು ಕುಳಿತವರು ಹಾಗೆ ಹೇಳಲಾರರು. ಹೆಣ್ಣು ಗಬ್ಬವಾದ ಸುಮಾರು 63 ದಿನಕ್ಕೆ ಈಯುತ್ತದೆ. ಕೊನೆಯ ವಾರ ದಿನಕ್ಕೆ ಮೂರು ಬಾರಿ ಮೈಯ ಶಾಖವನ್ನು ಅಳೆದು ಬರೆದಿಡುತ್ತೇವೆ. ಸಾಮಾನ್ಯವಾಗಿ 101, 102 ಡಿಗ್ರಿಯಿರುವ ಶಾಖ 99ಕ್ಕಿಂತ ಕೆಳಗಿಳಿಯಿತೆಂದರೆ ಒಂದು ಹಗಲಿರುಳಿನೊಳಗೆ ಹೆರಿಗೆಯೆಂದು ತಿಳಿಯಬೇಕು. ಮರಿಗಳಿಗೆ ಮೊದಲ ಎರಡು ವಾರ ತಮ್ಮ ಮೈಯನ್ನು ತಾವೇ ಬೆಚ್ಚಗಿಟ್ಟುಕೊಳ್ಳುವ ಶಕ್ತಿಯಿಲ್ಲ. ಮೈಸೂರಿನ ಡಿಸೆಂಬರ್ ಚಳಿ ನಮಗೆ ಹಿತ, ಅವಕ್ಕೆ ಮೃತ್ಯು. ಅಡುಗೆಮನೆಯ ತಕ್ಕಡಿ ಆ ದಿನಗಳಲ್ಲಿ ಮರಿಗಳ ಪಾಲು. ದಿನವೂ ತೂಗಬೇಕು. ಹತ್ತು ದಿನದ ಹೊತ್ತಿಗೆ ಹುಟ್ಟಿದಾಗಿನ ತೂಕ ಇಮ್ಮಡಿಯಾಗಬೇಕು. ಎರಡು ದಿನ ತೂಕ ಏರದೆ ನಿಂತ ಮರಿ ನೋಡಲು ಚೆನ್ನಾಗಿಯೇ ಕಾಣುತ್ತಿರುತ್ತದೆ. ಮೂರನೆಯ ದಿನ ಬೆಳಗ್ಗೆ ತಣ್ಣಗಿರುತ್ತದೆ. ಗಿಣ್ಣುಹಾಲು ಕುಡಿಯದ ಮರಿಯನ್ನು ತಾಯಿಯ ಮೊಲೆಗೆ ಹಿಡಿದು ಕುಳಿತು ಬೆಳಗು ಮಾಡಿದ್ದೂ ಉಂಟು. ಇವೆಲ್ಲ ಕಳೆದು ಆರನೆಯ ವಾರ ಬಂತೆಂದರೆ ಪಾರ್ವೊ, ಡಿಸ್ಟೆಂಪರ್‌ಗಳ ಭಯ. ಲಸಿಕೆ ಪೂರ್ತಿಯಾಗುವವರೆಗೆ ಹೊರಗಿನ ಚಪ್ಪಲಿ ಒಳಗೆ ಬರಬಾರದು.

ಆದರೆ ಹೊರಗಿನ ಮನುಷ್ಯರು ಬರಲೇಬೇಕು. ಇದು ಮುಧೋಳದ ಮರಿಯ ವಿಷಯದಲ್ಲಂತೂ ಬಹು ಮುಖ್ಯ. ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗೆ ಮರಿ ಕಂಡದ್ದು ಅದಕ್ಕೆ ಲೋಕ, ಕಾಣದ್ದು ಭೂತ. ಎದುರು ಮನೆಯ ಅಜ್ಜಿ ಕಾಲು ತೊಳೆದುಕೊಂಡು ಬಂದು ಮರಿಗಳನ್ನು ಮಡಿಲಲ್ಲಿ ಕೂರಿಸಿಕೊಳ್ಳುತ್ತಾರೆ. ಹಾಲಿನವನು ಹೆಲ್ಮೆಟ್ ಹಾಕಿಕೊಂಡೇ ಒಂದು ನಿಮಿಷ ನಿಲ್ಲುತ್ತಾನೆ. ಯೋಗ ಕಲಿಯಲು ಗೋಕುಲಂಗೆ ಬರುವ ಹೊರದೇಶದವರು ಬೀದಿನಾಯಿಗಳಿಗೆ ಬಿಸ್ಕತ್ತು ಹಾಕುವ ದಾರಿಯಲ್ಲಿ ನಮ್ಮಲ್ಲಿಗೂ ಬಂದು ಹೋಗುತ್ತಾರೆ. ಅವರ ಭಾಷೆ, ಬಣ್ಣ, ಗಂಟು ಕಟ್ಟಿದ ಕೂದಲು, ಎಲ್ಲವೂ ಮರಿಗಳ ವಿದ್ಯಾಭ್ಯಾಸಕ್ಕೆ ಒದಗುತ್ತವೆ. ಕುಕ್ಕರಿನ ಸಿಳ್ಳು, ಮಿಕ್ಸಿಯ ಸದ್ದು ಇವುಗಳ ಜೊತೆಯಲ್ಲೇ ಊಟ. ಹೊಡೆದು ಕಲಿಸುವ ಪದ್ಧತಿ ಈ ತಳಿಗೆ ಸಲ್ಲದು. ಒಮ್ಮೆ ಕೈಯೆತ್ತಿದವನನ್ನು ಮುಧೋಳದ ನಾಯಿ ತಿಂಗಳುಗಟ್ಟಲೆ ದೂರದಿಂದಲೇ ನೋಡುತ್ತದೆ. ಒಂದೇ ಪಾಠವನ್ನು ಹತ್ತು ಬಾರಿ ಹೇಳಿದರೂ ಮುಖ ತಿರುಗಿಸುತ್ತದೆ. ಎರಡು ಬಾರಿ ಹೇಳಿ, ಬೆಂದ ಕೋಳಿಯ ಚೂರು ಕೊಟ್ಟು, ಬಿಟ್ಟುಬಿಡಬೇಕು.

ಇನ್ನು ಪ್ರದರ್ಶನದ ಮಾತು. ದಸರೆಯ ದಿನಗಳಲ್ಲಿ ಜೆ. ಕೆ. ಮೈದಾನದಲ್ಲಿ ಸಾಕುಪ್ರಾಣಿಗಳ ಪ್ರದರ್ಶನವನ್ನು ನೋಡಿದವರಿಗೆ ಆ ಸಂಭ್ರಮ ಗೊತ್ತು. ತಳಿಸಂಘಗಳು ನಡೆಸುವ ಪ್ರದರ್ಶನ ಇನ್ನೂ ಬಿಗಿಯಾದದ್ದು. ನಾಯಿ ಹಗ್ಗದಲ್ಲಿ ನೇರವಾಗಿ ಓಡಬೇಕು, ಕಲ್ಲಿನಂತೆ ನಿಲ್ಲಬೇಕು. ಅಪರಿಚಿತನಾದ ತೀರ್ಪುಗಾರ ತುಟಿ ಎತ್ತಿ ಹಲ್ಲು ನೋಡಿ, ಭುಜ ಬೆನ್ನು ತೊಡೆಗಳನ್ನು ಮುಟ್ಟಿ ಪರೀಕ್ಷಿಸುವಾಗ ಮಿಸುಕಬಾರದು. ಪರಕೀಯರ ಕೈ ಮೈಮೇಲೆ ಬೀಳುವುದನ್ನು ಸಹಿಸದಿರುವುದೇ ಈ ತಳಿಯ ಹುಟ್ಟುಗುಣ. ಆ ಗುಣಕ್ಕಾಗಿಯೇ ಅದನ್ನು ಮೆಚ್ಚಿ ತಂದವರು, ಆ ಗುಣವಿದ್ದದ್ದಕ್ಕೇ ಕಣದಿಂದ ಬರಿಗೈಯಲ್ಲಿ ಮರಳುತ್ತಾರೆ. ಸಾಲದ್ದಕ್ಕೆ ಹೆಸರಿನ ಗೊಂದಲವೂ ಇದೆ. ಚೆನ್ನೈಯ ಕೆನಲ್ ಕ್ಲಬ್ ಆಫ್ ಇಂಡಿಯಾ ಇದನ್ನು 'ಕ್ಯಾರವಾನ್ ಹೌಂಡ್' ಎಂದು ದಾಖಲಿಸುತ್ತದೆ. ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್ 'ಮುಧೋಳ್ ಹೌಂಡ್' ಎನ್ನುತ್ತದೆ. ಒಂದೇ ನಾಯಿಗೆ ಎರಡು ಜಾತಕ.

ನಮ್ಮಲ್ಲಿ ಒಂದೇ ಸೂಲಿನ ಅಕ್ಕತಂಗಿಯರಿಬ್ಬರಿದ್ದಾರೆ, ಮಲ್ಲಿ ಮತ್ತು ಚುಕ್ಕಿ. ಮಲ್ಲಿಯನ್ನು ಯಾರು ಮುಟ್ಟಿದರೂ ಸರಿ. ಒಂದು ಪ್ರದರ್ಶನದಲ್ಲಿ ಅವಳಿಗೆ ತನ್ನ ವರ್ಗದ ಮೊದಲ ಬಹುಮಾನ ಬಂತು. ಚುಕ್ಕಿ ಅಂದೇ, ಅದೇ ಕಣದಲ್ಲಿ, ತೀರ್ಪುಗಾರರ ಕೈಗೆ ಸಿಕ್ಕದೆ ಪಕ್ಕಕ್ಕೆ ಸರಿದಳು. ಅವರು ಎರಡು ನಿಮಿಷ ನೋಡಿ ಕೈಬಿಟ್ಟರು. ಅವರದು ತಪ್ಪಲ್ಲ, ಹೊರಗೆ ನಲವತ್ತು ನಾಯಿಗಳು ಕಾದಿದ್ದವು. ಮನೆಗೆ ಬಂದ ಗೆಳೆಯರೆಲ್ಲ ಮಲ್ಲಿಯಿಂದಲೇ ಮರಿ ಮಾಡಿಸಿರೆಂದರು. ಬಹುಮಾನದ ತಾಯಿಯ ಮರಿಗೆ ಬೆಲೆಯೂ ಹೆಚ್ಚು.

ಆದರೆ ಅಂಜಿಕೆ ಬೇರೆ, ದೂರವಿರುವ ಸ್ವಭಾವ ಬೇರೆ. ಇವೆರಡನ್ನು ಎರಡು ನಿಮಿಷದಲ್ಲಿ ಯಾರೂ ವಿಂಗಡಿಸಲಾರರು. ಎರಡು ವರ್ಷ ಜೊತೆಗಿದ್ದವರು ಮಾಡಬಲ್ಲರು. ದೀಪಾವಳಿಯ ಪಟಾಕಿಗೆ ಚುಕ್ಕಿ ಬೆಚ್ಚುತ್ತಾಳೆ, ಮರುಕ್ಷಣ ಕಿವಿ ನಿಮಿರಿಸಿ ಸದ್ದು ಎಲ್ಲಿಂದ ಬಂತೆಂದು ನೋಡಲು ಹೋಗುತ್ತಾಳೆ. ಮಲ್ಲಿ ಮಂಚದ ಕೆಳಗೆ ಸೇರಿದರೆ ಮಾರನೆಯ ಬೆಳಗಿನವರೆಗೆ ಹೊರಬರುವುದಿಲ್ಲ. ಮುಟ್ಟಿಸಿಕೊಳ್ಳುವ ಅವಳ ಸೌಮ್ಯತೆ ಬಹುಮಟ್ಟಿಗೆ ಸೋತು ಸುಮ್ಮನಾಗುವ ಸೌಮ್ಯತೆ. ಬಯಲಿನಲ್ಲಿ ಬಿಟ್ಟರೆ ಒಂದು ಸುತ್ತು ಓಡಿ ಬಂದು ಕಾಲ ಬಳಿ ಕೂರುತ್ತಾಳೆ. ಚುಕ್ಕಿಯ ಓಟವನ್ನು ನೋಡಲು ಬೆಳಗಿನ ವಾಕಿಂಗಿನವರು ನಿಂತುಬಿಡುತ್ತಾರೆ. ಕಣದಲ್ಲಿ ಗೆಲ್ಲುವ ಮಲ್ಲಿಯರನ್ನೇ ಎಲ್ಲರೂ ತಾಯಂದಿರನ್ನಾಗಿ ಆರಿಸುತ್ತ ಹೋದರೆ, ಎಂಟು ಹತ್ತು ತಲೆಮಾರಿನಲ್ಲಿ ಮುಧೋಳದ ಆಕಾರ ಉಳಿದೀತು, ನಾಯಿ ಉಳಿಯಲಾರದು. ಮಲ್ಲಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದೆವು. ಗೆಳೆಯರಲ್ಲಿ ಇಬ್ಬರು ಇಂದಿಗೂ ಅದನ್ನು ಕ್ಷಮಿಸಿಲ್ಲ.

ಮರಿಗಳು ಹುಟ್ಟಿದರೆ ಹೋಗುವುದೆಲ್ಲಿಗೆ? ನಮ್ಮಲ್ಲಿಂದ ಹೋದ ಒಂದು ಗಂಡುಮರಿ ಬೆಂಗಳೂರಿನ ಅಪಾರ್ಟ್‌ಮೆಂಟಿನ ಐದನೆಯ ಮಹಡಿ ಸೇರಿತ್ತು. ಕೊಂಡವರು ಬಯಲಿರುವ ಮನೆಯೆಂದು ಹೇಳಿದ್ದರು. ಒಂಬತ್ತು ತಿಂಗಳಿಗೆ ಅದನ್ನು ಕಾರಿನಲ್ಲಿ ತಂದು ಬಿಟ್ಟು, ಸೋಫಾ ಹರಿಯಿತೆಂದು ದೂರಿ, ಟೀ ಕುಡಿಯದೆ ಹೋದರು. ಅದು ಬಾಗಿಲ ಕಡೆ ಮುಖ ಮಾಡಿ ಮೂರು ದಿನ ಮಲಗಿತ್ತು. ಅದರ ತಪ್ಪೇನೂ ಇರಲಿಲ್ಲ; ಓಡಬೇಕಾದದ್ದು ಓಡಲಿಲ್ಲ, ಅಷ್ಟೆ. ನಾಯಿಗಳ ತಳಿ ಅಭಿವೃದ್ಧಿ ಮತ್ತು ಮಾರಾಟದ ಬಗ್ಗೆ ಕೇಂದ್ರ ಸರ್ಕಾರವು 2017ರಲ್ಲಿ ನಿಯಮಗಳನ್ನು ಮಾಡಿದೆ. ಮರಿ ಮಾಡಿಸುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು, ಹದಿನೆಂಟು ತಿಂಗಳಾಗದ ಹೆಣ್ಣಿಗೆ ಗಂಡು ಕೂಡಿಸಬಾರದು, ಎಂಟು ವಾರವಾಗದ ಮರಿಯನ್ನು ಮಾರಬಾರದು. ಒಳ್ಳೆಯ ನಿಯಮಗಳೇ. ಆದರೆ ಕೊಳ್ಳುವವರ ಮನೆಗೆ ಹೋಗಿ ನೋಡಿ ಬನ್ನಿರೆಂದು ಯಾವ ನಿಯಮವೂ ಹೇಳುವುದಿಲ್ಲ. ಈಗ ನಾವೇ ಹೋಗುತ್ತೇವೆ. ಗೋಡೆಯ ಎತ್ತರ ನೋಡುತ್ತೇವೆ, ಬೆಳಗ್ಗೆ ಏಳುವವರು ಯಾರೆಂದು ಕೇಳುತ್ತೇವೆ. ಹೆಣ್ಣು ಕೊಡುವವರಂತೆ ವಿಚಾರಿಸುತ್ತಾರೆಂದು ಕೆಲವರು ಮುನಿಸಿಕೊಂಡದ್ದೂ ಇದೆ.

ಚುಕ್ಕಿಗೆ ಈಗ ಮೂರು ವರ್ಷ. ಮೈಸೂರಿನಲ್ಲಿ ನಾನು ವಿಚಾರಿಸಿದ ಗಂಡುಗಳೆಲ್ಲ ಒಂದಲ್ಲ ಒಂದು ಕಡೆಯಿಂದ ಅವಳ ಅಜ್ಜನ ಬಳ್ಳಿಗೇ ಸೇರಿದವು. ರಕ್ತ ಅಷ್ಟು ಹತ್ತಿರವಾದರೆ ಮರಿಗಳು ಬಲಗುಂದುತ್ತವೆ. ಆದುದರಿಂದ ಮುಂದಿನ ಸಲ ಬೆದೆಗೆ ಬಂದಾಗ ಅವಳನ್ನು ಕರೆದುಕೊಂಡು 500 ಕಿಲೋಮೀಟರಿಗೂ ಹೆಚ್ಚು ದೂರದ ಮುಧೋಳದ ಕಡೆಗೇ ಹೋಗಬೇಕು. ಅಲ್ಲಿನ ರೈತರೊಬ್ಬರ ಹೊಲದಲ್ಲಿ ಒಂದು ಗಂಡನ್ನು ನೋಡಿ ಬಂದಿದ್ದೇನೆ. ಅದು ಯಾವ ಪ್ರದರ್ಶನವನ್ನೂ ಕಂಡಿಲ್ಲ. ನನ್ನನ್ನು ಹತ್ತಿರಕ್ಕೂ ಬಿಟ್ಟುಕೊಳ್ಳಲಿಲ್ಲ. ಜೋಳದ ಸಾಲುಗಳ ಆಚೆ ನಿಂತು ನೋಡಿತು, ಮತ್ತೆ ತನ್ನ ಯಜಮಾನರ ಹಿಂದೆ ಹೊರಟುಹೋಯಿತು. ಮರಿಗಳಿಗಾಗಿ ಇದುವರೆಗೆ ಒಪ್ಪಿರುವ ಮನೆಗಳು ಮೂರು. ಐದಾಗುವವರೆಗೆ ಚುಕ್ಕಿಯ ಪಯಣವಿಲ್ಲ.