ಪಂಕ್ತಿಭೋಜನವೂ ಮನಸ್ಸಿನ ಸ್ವಾಸ್ಥ್ಯವೂ

(ಶಾಖಾಮಠದ ಆರಾಧನಾ ಮಹೋತ್ಸವದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)

 

ಉಡುಪಿಯ ಶ್ರೀಕೃಷ್ಣನಿಗೆ ಅನ್ನಬ್ರಹ್ಮನೆಂದು ಪ್ರಸಿದ್ಧಿ. ಎರಡು ವರ್ಷಗಳಿಗೊಮ್ಮೆ ಪರ್ಯಾಯವು ಒಂದು ಮಠದಿಂದ ಇನ್ನೊಂದು ಮಠಕ್ಕೆ ಸಲ್ಲುವಾಗ ಅಕ್ಷಯಪಾತ್ರೆಯೂ ಸಟ್ಟುಗವೂ ಹಸ್ತಾಂತರವಾಗುತ್ತವೆ. ಪೂಜೆಯ ಅಧಿಕಾರದೊಡನೆ ಬಡಿಸುವ ಹೊಣೆಯೂ ಕೈಯಿಂದ ಕೈಗೆ ಸಾಗುವುದೆಂದರ್ಥ. ಅನ್ನದಾನದಿಂದ ಕೊಡುವವನಿಗೆ ಬರುವ ಪುಣ್ಯವನ್ನು ಕುರಿತು ಸಾಕಷ್ಟು ಉಪನ್ಯಾಸಗಳು ನಡೆದಿವೆ. ಕೂಡಿ ಉಣ್ಣುವವನ ಮನಸ್ಸಿಗೆ ಆಗುವುದೇನು ಎಂಬುದು ಇಂದಿನ ವಿಚಾರ.

2025ರ ವಿಶ್ವ ಸಂತೋಷ ವರದಿಯಲ್ಲಿ ಇದಕ್ಕೆಂದೇ ಒಂದು ಅಧ್ಯಾಯವಿದೆ. ಮಧ್ಯಾಹ್ನದ 7, ರಾತ್ರಿಯ 7, ಹೀಗೆ ವಾರದ 14 ಊಟಗಳಲ್ಲಿ ಪರಿಚಿತರೊಡನೆ ಉಂಡವು ಎಷ್ಟೆಂದು ಅನೇಕ ದೇಶಗಳ ಜನರನ್ನು ಕೇಳಲಾಗಿತ್ತು. ಹೆಚ್ಚು ಬಾರಿ ಕೂಡಿ ಉಂಡವರಲ್ಲಿ ಬದುಕಿನ ತೃಪ್ತಿಯೂ ಹೆಚ್ಚಾಗಿತ್ತು. ವರಮಾನ, ನಿರುದ್ಯೋಗಗಳಷ್ಟೇ ಬಲವಾದ ಸೂಚಕವಿದು ಎಂದು ವರದಿ ಹೇಳಿತು. ಅಮೆರಿಕದಲ್ಲಿ 2023ರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಹಿಂದಿನ ದಿನದ ಊಟವನ್ನೆಲ್ಲ ಒಂಟಿಯಾಗಿಯೇ ಮುಗಿಸಿದ್ದರು. 2003ಕ್ಕಿಂತ ಇದು ಶೇಕಡಾ 53ರಷ್ಟು ಅಧಿಕ. ಅಮೆರಿಕದ ಸ್ಥಿತಿಗೆ ಮರುಗುವವರು ಮುಂದಿನ ಅಂಕಿಯನ್ನೂ ನೋಡಬೇಕು: ದಕ್ಷಿಣ ಏಷ್ಯಾದಲ್ಲಿ ಕೂಡಿ ಉಂಡ ಊಟಗಳ ಸರಾಸರಿ 14ರಲ್ಲಿ 4ನ್ನೂ ಮುಟ್ಟಲಿಲ್ಲ! ಅವಿಭಕ್ತ ಕುಟುಂಬದ ನಾಡೆಂಬ ಹೆಮ್ಮೆಗೆ ಇದು ಒಗ್ಗುವ ಮಾತಲ್ಲ.

ಸಂತುಷ್ಟರೇ ಜೊತೆಯನ್ನು ಅರಸುವರೋ, ಜೊತೆಯೇ ಸಂತೋಷವನ್ನು ತರುವುದೋ ಎಂಬ ಪ್ರಶ್ನೆಯನ್ನು ಈ ಅಂಕಿಗಳು ತೀರ್ಮಾನಿಸುವುದಿಲ್ಲ, ನಿಜ. ಆದರೆ ಒಂಟಿಯಾಗಿ ಉಣ್ಣುವ ವೃದ್ಧರಲ್ಲಿ ಖಿನ್ನತೆಯ ಲಕ್ಷಣಗಳು ಹೆಚ್ಚೆಂದು ಜಪಾನಿನ ಅಧ್ಯಯನಗಳೂ ತಿಳಿಸಿವೆ.

ಅದರ ಬಗೆಯನ್ನು ಅರಿಯಲು ಜಪಾನಿಗೆ ಹೋಗಬೇಕಾಗಿಲ್ಲ. ಡೊಂಬಿವಲಿಯಲ್ಲಿಯೋ ಪುಣೆಯಲ್ಲಿಯೋ ಮಕ್ಕಳನ್ನು ಪರದೇಶಕ್ಕೆ ಕಳುಹಿಸಿ, ಮಡದಿಯನ್ನು ಕಳೆದುಕೊಂಡ ಹಿರಿಯರೊಬ್ಬರ ಅಡಿಗೆಮನೆಯನ್ನು ನೆನೆದರೆ ಸಾಕು. ಒಬ್ಬರಿಗಾಗಿ ಹುಳಿ ಮಾಡುವುದೇಕೆಂದು ಮೊದಲು ಹುಳಿ ನಿಲ್ಲುತ್ತದೆ, ಬಳಿಕ ಪಲ್ಯ. ಕೊನೆಗೆ ಉಳಿಯುವುದು ಮೊಸರನ್ನವೂ ಟಿ.ವಿ.ಯೂ. ಹೊತ್ತು ತಪ್ಪುತ್ತದೆ, ನಿದ್ರೆ ಕೆಡುತ್ತದೆ, ದೇಹ ಸೊರಗುತ್ತದೆ. ಹಸಿವು ಇಂಗುವುದು ಖಿನ್ನತೆಯ ಲಕ್ಷಣಗಳಲ್ಲೊಂದು. ಆದರೆ ಎಲೆಯಲ್ಲಿ ಉಳಿದ ತುತ್ತನ್ನು ಕಾಣುವವರು ಆ ಮನೆಯಲ್ಲಿ ಯಾರೂ ಇಲ್ಲ. ಏಕಾದಶಿಯ ಉಪವಾಸಕ್ಕೆ ಮರುದಿನ ಪಾರಣೆಯುಂಟು. ಈ ಉಪವಾಸಕ್ಕೆ ಪಾರಣೆಯ ತಿಥಿಯನ್ನು ಯಾವ ಪಂಚಾಂಗವೂ ಹೇಳುವುದಿಲ್ಲ.

ಪಂಕ್ತಿಯ ನಿಯಮಗಳನ್ನು ಈ ದೃಷ್ಟಿಯಿಂದ ಗಮನಿಸಬೇಕು. ಎಲ್ಲರಿಗೂ ಬಡಿಸಿಯಾದ ಮೇಲೆಯೇ ಆಪೋಶನ. ನೆರೆಯವನ ಊಟ ಮುಗಿಯುವ ಮುನ್ನ ಏಳುವಂತಿಲ್ಲ. ನಿಧಾನವಾಗಿ ಉಣ್ಣುವ ವೃದ್ಧನಿಗಾಗಿ ಇಡೀ ಸಾಲು ಕಾದಿರುತ್ತದೆ. ಮಾತೇ ಆಡದ ಮೌನಭೋಜಿಗೂ ಎಡಬಲಗಳಲ್ಲಿ ಜನರಿದ್ದಾರೆ. ಎಲ್ಲಕ್ಕಿಂತ ಮುಖ್ಯನಾದವನು ಬಡಿಸುವವನು. ಎರಡನೆಯ ಸಲದ ಸಾರನ್ನು ಎಂದೂ ಬೇಡವೆನ್ನದವರು ಈ ಗುರುವಾರ ಕೈ ಅಡ್ಡ ಹಿಡಿದರೆಂಬುದು ವೈದ್ಯನಿಗಿಂತ ಮೊದಲು ತಿಳಿಯುವುದು ಅವನಿಗೆ. ‘ರಾಯರೇ, ಮೈಯಲ್ಲಿ ಹುಷಾರಿಲ್ಲವೇ?’ ಎಂದು ಅವನು ಕೇಳಿದರೆ ಎಷ್ಟೋ ದಿನಗಳಿಂದ ಯಾರೂ ಕೇಳದ ಮಾತನ್ನು ಕೇಳಿದಂತಾಯಿತು.

ಇದೇ ಸಂಪ್ರದಾಯದಲ್ಲಿ ಒಂದು ಕೊರತೆಯೂ ಉಂಟು. ಅದನ್ನು ಮುಚ್ಚಿಡುವುದು ಸರಿಯಲ್ಲ. ಮಡಿಯಲ್ಲಿ ಅಡಿಗೆ ಮಾಡಿ, ಮನೆಮಂದಿಗೆಲ್ಲ ಬಡಿಸಿದ ತಾಯಿಯು ಮೂರು ಗಂಟೆಗೆ ಅಡಿಗೆಮನೆಯ ಮೂಲೆಯಲ್ಲಿ ಆರಿದ ಅನ್ನವನ್ನು ಒಬ್ಬಳೇ ಉಂಡ ಮನೆಗಳು ಅನೇಕ. ಊರಿಗೆ ಅನ್ನವಿಕ್ಕಿದವಳಿಗೆ ಜೊತೆಯಿರಲಿಲ್ಲ. ಅವಳ ಮನಸ್ಸಿನ ಭಾರವನ್ನು ಯಾವ ವರದಿಯೂ ಅಳೆಯಲಿಲ್ಲ. ಮಡಿಯ ನಿಯಮ ಕೆಡದಂತೆಯೇ, ಉಂಡು ಮುಗಿಸಿದ ಮಗನಾಗಲಿ ಸೊಸೆಯಾಗಲಿ ಅವಳ ಎದುರು ಅರ್ಧ ಗಂಟೆ ಕುಳಿತಿರಬಹುದಿತ್ತು.

ಶಾಖಾಮಠಗಳಲ್ಲಿಯೂ ಆರಾಧನೆಯ ದಿನ ಕಡೆಯ ಪಂಕ್ತಿ ಬಡಿಸಿದವರದೇ. ಆ ಹೊತ್ತಿಗೆ ಭಕ್ತರು ಲೋಕಲ್ ಗಾಡಿಯ ವೇಳೆ ನೋಡಿಕೊಂಡು ಹೊರಟಿರುತ್ತಾರೆ. ಮುಂದಿನ ಆರಾಧನೆಯಲ್ಲಿ ಕೆಲವರಾದರೂ ಒಂದು ಗಾಡಿ ತಡಮಾಡಿ, ಆ ಪಂಕ್ತಿಗೆ ತಾವೇ ಸಟ್ಟುಗ ಹಿಡಿದು ನಿಲ್ಲಬಹುದು.

॥ ಶ್ರೀಕೃಷ್ಣಾರ್ಪಣಮಸ್ತು ॥