ಸೂಚಿಯಲ್ಲಿ ಕಾಣದ ಗ್ರಂಥ



ಗ್ರಂಥಾಲಯಗಳಿಗೂ ಉನ್ನತ ಶಿಕ್ಷಣಕ್ಕೂ ಇಂದು ಒದಗಿಬರುತ್ತಿರುವ ನೂತನ ಸಾಧನಗಳನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ತಾವು ಅಪ್ಪಣೆ ಮಾಡಿದ್ದೀರಿ. ಮೂವತ್ತು ವರ್ಷಗಳಿಗೆ ಮಿಕ್ಕು ಕಪಾಟುಗಳ ನಡುವೆಯೇ ಆಯುಷ್ಯವನ್ನು ಕಳೆದವನಾದ್ದರಿಂದ, ಯಂತ್ರಗಳ ಮಹಿಮೆಯನ್ನು ವರ್ಣಿಸುವುದಕ್ಕಿಂತ ಮುಂಚೆ, ನನ್ನ ಮನಸ್ಸಿನಿಂದ ಇನ್ನೂ ಮಾಸದೆ ಉಳಿದಿರುವ ಒಂದು ಮಧ್ಯಾಹ್ನದ ಪ್ರಸಂಗವನ್ನು ನಿವೇದಿಸಲು ಅನುಮತಿ ಬೇಡುತ್ತೇನೆ.

ಕನ್ನಡ ಎಂ.ಎ. ತರಗತಿಯ ವಿದ್ಯಾರ್ಥಿನಿಯೊಬ್ಬಳು ಗಣಕದ ಮುಂದೆ ಬಹಳ ಹೊತ್ತು ಕುಳಿತಿದ್ದು, ಕಡೆಗೆ ನನ್ನ ಮೇಜಿನ ಬಳಿಗೆ ಬಂದು, “ಸರ್, ಕವಿಚರಿತೆ ನಮ್ಮಲ್ಲಿ ಇಲ್ಲವಂತೆ” ಎಂದಳು. ಆರ್. ನರಸಿಂಹಾಚಾರ್ಯರು 1907ರಲ್ಲಿ ಮೊದಲನೆಯ ಸಂಪುಟವನ್ನೂ 1919ರಲ್ಲಿ ಎರಡನೆಯದನ್ನೂ 1929ರಲ್ಲಿ ಮೂರನೆಯದನ್ನೂ ಹೊರತಂದ ಆ ಮಹಾಗ್ರಂಥ, ಕನ್ನಡದ ಕವಿಗಳೆಲ್ಲರ ಕಾಲದೇಶಗಳನ್ನು ಹುಡುಕಿ ಒಂದೆಡೆ ಕೂಡಿಸಿದ ಆ ಭಂಡಾರ, ಅವಳ ಬೆನ್ನ ಹಿಂದೆ ಎಂಟು ಹೆಜ್ಜೆಯ ದೂರದಲ್ಲಿ ಮೂರು ಸಂಪುಟಗಳಾಗಿ ನಿಂತಿತ್ತು. ಗ್ರಂಥದ ಹೆಸರಿನ ಮೊದಲ ಪದವನ್ನು ಅವಳು ತನಗೆ ಅಭ್ಯಾಸವಾದಂತೆ ‘ಕರ್ನಾಟಕ’ ಎಂದು ಟೈಪು ಮಾಡಿದ್ದಳು. ಆಚಾರ್ಯರು ತಮ್ಮ ಕಾಲದ ರೂಢಿಯಂತೆ ‘ಕರ್ಣಾಟಕ’ ಎಂದು ಮುದ್ರಿಸಿದ್ದರು. ನಮ್ಮ ಕಿವಿಗೆ ಣಕಾರವೂ ನಕಾರವೂ ಒಡಹುಟ್ಟಿದವು. ಆದರೆ ಯೂನಿಕೋಡ್ ಸಂಕೇತದಲ್ಲಿ, ದಶಮಾನದ ಲೆಕ್ಕದಿಂದ ಹೇಳುವುದಾದರೆ, ಒಂದರ ಸಂಖ್ಯೆ 3235, ಇನ್ನೊಂದರದು 3240. ಸಂಖ್ಯೆ ಬೇರೆಯಾದುದೆಲ್ಲವೂ ಯಂತ್ರಕ್ಕೆ ಬೇರೆಯೇ.

ಹಿಂದಿನ ಕಾರ್ಡು ಕ್ಯಾಟಲಾಗಿನಲ್ಲಿ ಈ ಅನರ್ಥಕ್ಕೆ ಎಡೆಯಿರಲಿಲ್ಲವೆಂಬುದು ನನಗೆ ಆಗ ನೆನಪಾಯಿತು. ಮೂಲೆಗೆ ಸರಿಸಿದ್ದ ಮರದ ಪೆಟ್ಟಿಗೆಯ ‘ಕ’ ಡ್ರಾಯರನ್ನು ಎಳೆದು ನೋಡಿದೆನು. ಹಿತ್ತಾಳೆಯ ಸರಳಿಗೆ ಪೋಣಿಸಿದ, ಅಂಚು ಕಂದಿದ ಒಂದು ಕಾರ್ಡಿನ ಮೇಲೆ, ನನಗಿಂತ ಹಿಂದೆ ಇಲ್ಲಿ ಗ್ರಂಥಪಾಲಕರಾಗಿದ್ದವರ ದುಂಡನೆಯ ಅಕ್ಷರದಲ್ಲಿ, “ಕರ್ನಾಟಕ: ಕರ್ಣಾಟಕ ಎಂಬುದನ್ನೂ ನೋಡಿ” ಎಂದಿತ್ತು. ಕಾರ್ಡುಗಳನ್ನು ಗಣಕಕ್ಕೆ ವರ್ಗಾಯಿಸಿದ ಕಾಲದಲ್ಲಿ ಈ ‘ನೋಡಿ’ ಕಾರ್ಡುಗಳಿಗೆ ಪುಸ್ತಕಗಳಿಗೆ ಕೊಡುವಂತಹ ಅಕ್ಸೆಷನ್ ನಂಬರು ಇಲ್ಲ, ಆದಕಾರಣ ಇವು ಪುಸ್ತಕಗಳಲ್ಲ ಎಂದು ಎಣಿಸಿ, ಅಷ್ಟನ್ನೂ ಬಿಟ್ಟುಬಿಟ್ಟಿದ್ದರು. ಗ್ರಂಥಗಳು ಉಳಿದವು, ಗ್ರಂಥಗಳಿಗೆ ಹೋಗುವ ದಾರಿಗಳು ಅಳಿದವು. ಆ ಕಾರ್ಯದಲ್ಲಿ ನಾನೂ ಒಬ್ಬ ಪಾಲುಗಾರನಾಗಿದ್ದೆನೆಂಬುದನ್ನು ಈ ಸಭೆಯಲ್ಲಿ ಮರೆಮಾಚಲಾರೆ.

ಗ್ರಂಥಗಳಿಗೆ ಹೋಗುವ ದಾರಿಯ ಮಾತು ಬಂದ ಮೇಲೆ, ಶಿಯಾಳಿ ರಾಮಾಮೃತ ರಂಗನಾಥನ್ ಅವರನ್ನು ಇಲ್ಲಿ ಸ್ಮರಿಸದೆ ಮುಂದುವರಿಯುವುದು ಸಾಧ್ಯವಿಲ್ಲ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತವನ್ನು ಬೋಧಿಸುತ್ತಿದ್ದ ಅವರು, 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗಿ ಲಂಡನ್ನಿಗೆ ಅಭ್ಯಾಸಕ್ಕೆಂದು ತೆರಳಿದ್ದಾಗ, ಅಲ್ಲಿಯ ಒಂದು ದೊಡ್ಡ ಅಂಗಡಿಯಲ್ಲಿ ಮೆಕಾನೊ ಎಂಬ ಮಕ್ಕಳ ಆಟಿಕೆಯನ್ನು, ಎಂದರೆ ಕೆಲವೇ ಪಟ್ಟಿಗಳನ್ನು ತಿರುಪುಮೊಳೆಗಳಿಂದ ಬಗೆಬಗೆಯಾಗಿ ಕೂಡಿಸಿ ಬಗೆಬಗೆಯ ವಸ್ತುಗಳನ್ನು ನಿರ್ಮಿಸುವ ಕ್ರಮವನ್ನು, ಕಂಡು, ಜ್ಞಾನದ ವಿಷಯಗಳನ್ನೂ ಹೀಗೆಯೇ ಜೋಡಿಸಬಹುದಲ್ಲವೆ ಎಂದು ಯೋಚಿಸಿ, 1933ರಲ್ಲಿ ಕೋಲನ್ ವರ್ಗೀಕರಣವನ್ನು ಪ್ರಕಟಿಸಿದರು. ಅದಕ್ಕೆ ಮುಂಚೆ ಅಮೆರಿಕದ ಡ್ಯೂಯಿ 1876ರಲ್ಲಿ ರಚಿಸಿದ ಪದ್ಧತಿಯಲ್ಲಿ ಪ್ರತಿಯೊಂದು ವಿಷಯಕ್ಕೂ ಮೊದಲೇ ಕಟ್ಟಿಟ್ಟ ಗೂಡು. ಇಂಗ್ಲಿಷ್ ಸಾಹಿತ್ಯಕ್ಕೆ 820 ಎಂಬ ವಿಶಾಲವಾದ ಕೋಣೆ, ಪಂಪನಿಂದ ಈಚೆಗಿನ ನಮ್ಮ ಸಮಸ್ತ ಸಾಹಿತ್ಯಕ್ಕೆ 894.814 ಎಂಬ ಸಂದಿ. ರಂಗನಾಥನ್ ಗೂಡುಗಳನ್ನು ಕೊಡಲಿಲ್ಲ, ಕೂಡಿಸುವ ಸೂತ್ರವನ್ನು ಕೊಟ್ಟರು. ತಮ್ಮ ಜೀವನದ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 1962ರಲ್ಲಿ ಅಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನು ಸ್ಥಾಪಿಸಿ, ತಮ್ಮ ಪತ್ನಿಯ ಹೆಸರಿನಲ್ಲಿ ಒಂದು ದತ್ತಿಯನ್ನಿರಿಸಿ, 1972ರಲ್ಲಿ ಆ ನಗರದಲ್ಲಿಯೇ ದೇಹವಿಟ್ಟರು. ಓದುಗನ ಕಾಲವನ್ನು ಉಳಿಸಬೇಕೆಂಬುದು ಗ್ರಂಥಾಲಯಶಾಸ್ತ್ರಕ್ಕೆ ಅವರು ಕೊಟ್ಟ ಪಂಚಸೂತ್ರಗಳಲ್ಲಿ ನಾಲ್ಕನೆಯದು. ಆ ಮಧ್ಯಾಹ್ನ ಆ ಹುಡುಗಿಯ ಒಂದು ಗಂಟೆಯ ಕಾಲವನ್ನು ನಾವು ನಷ್ಟಪಡಿಸಿದ್ದೆವು.

ಗುರುತಿಸುವ ಕಣ್ಣಿಲ್ಲದೆ ಗ್ರಂಥವಿದ್ದೂ ಇಲ್ಲದಂತೆ ಎಂಬುದಕ್ಕೆ ಮೈಸೂರಿನ ಓರಿಯಂಟಲ್ ಲೈಬ್ರರಿಗಿಂತ ಬೇರೆ ಸಾಕ್ಷಿ ಬೇಕಿಲ್ಲ. 1905ರಲ್ಲಿ ತಂಜಾವೂರು ಪ್ರಾಂತದ ಪಂಡಿತರೊಬ್ಬರು ಅಲ್ಲಿಗೆ ತಂದೊಪ್ಪಿಸಿದ ಗ್ರಂಥಲಿಪಿಯ ತಾಳೆಯೋಲೆಯ ಕಟ್ಟನ್ನು ಆರ್. ಶಾಮಶಾಸ್ತ್ರಿಗಳು ಬಿಚ್ಚಿ ಓದಿ, ಇದು ಕೌಟಿಲ್ಯನ ಅರ್ಥಶಾಸ್ತ್ರವೆಂದು ನಿರ್ಧರಿಸಿ 1909ರಲ್ಲಿ ಅಚ್ಚು ಹಾಕಿಸಿದ ಮೇಲೆಯೇ ಲೋಕ ಅದನ್ನು ಅರಿತುದು. ಇಂದು ಅಂತಹ ಓಲೆಗಳ ಛಾಯಾಚಿತ್ರವನ್ನು ಅತ್ಯಂತ ಸ್ಫುಟವಾಗಿ ತೆಗೆಯಬಲ್ಲೆವು. ಆದರೆ ಕಟ್ಟಿನಲ್ಲಿರುವುದು ಏನೆಂದು ಓದಿ ಹೇಳುವವರಿಲ್ಲದಿದ್ದರೆ, ಕಪಾಟಿನಲ್ಲಿದ್ದ ಅಜ್ಞಾತಗ್ರಂಥ ಗಣಕದಲ್ಲಿಯೂ ಅಜ್ಞಾತವಾಗಿಯೇ ಉಳಿಯುತ್ತದೆ.

ಅಚ್ಚಿನ ಪುಟಗಳನ್ನು ಯಂತ್ರವೇ ಓದುವ ವಿದ್ಯೆ ಕನ್ನಡದಲ್ಲಿಯೂ ಬೆಳೆಯುತ್ತಿದೆ. ಆ ಕೆಲಸ ಎಷ್ಟು ಸೂಕ್ಷ್ಮವೆಂಬುದಕ್ಕೆ ‘ಸೂರ್ಯ’ ಎಂಬ ಒಂದು ಪದವನ್ನು ನೋಡಿರಿ. ನಾಲಗೆ ರಕಾರವನ್ನು ಮೊದಲು ನುಡಿಯುತ್ತದೆ, ಕಣ್ಣು ಯಕಾರವನ್ನು ಮೊದಲು ಕಾಣುತ್ತದೆ, ಅರ್ಕಾವೊತ್ತು ಅದರ ಬಲಕ್ಕೆ ಬಂದು ನಿಲ್ಲುತ್ತದೆ. ಯಂತ್ರ ತಾನು ಕಂಡ ಕ್ರಮವನ್ನು ತಿರುವಿ, ರಕಾರವನ್ನು ಹಿಂದಕ್ಕೆ ತಂದು ದಾಖಲಿಸಬೇಕು. ಇದರ ಮೇಲೆ ಹಳೆಯ ಅಚ್ಚುಮೊಳೆಗಳ ಸವಕಲು, ‘ಪ’ಕಾರ ‘ವ’ಕಾರಗಳ ಸಾಮ್ಯ, ಹಳಗನ್ನಡದ ಱ ೞಗಳು. ಇಷ್ಟನ್ನು ಸಾಧಿಸುತ್ತಿರುವ ತರುಣ ತಂತ್ರಜ್ಞರ ಪರಿಶ್ರಮಕ್ಕೆ ನಾನು ತಲೆಬಾಗುತ್ತೇನೆ. ಅವರ ಪಕ್ಕದಲ್ಲಿ ಕನ್ನಡ ಬಲ್ಲ ಗ್ರಂಥಪಾಲಕನೊಬ್ಬ ಕುಳಿತಿರಬೇಕೆಂದು ಮಾತ್ರ ಬೇಡುತ್ತೇನೆ.

ಕೃತಕ ಬುದ್ಧಿಮತ್ತೆಯ ವಿಚಾರವೂ ಇದರಿಂದ ದೂರದ್ದಲ್ಲ. ಅಕ್ಷರವನ್ನಷ್ಟೇ ನೋಡದೆ ಅರ್ಥದ ಸಾಮೀಪ್ಯವನ್ನು ಲೆಕ್ಕ ಹಾಕುವ ಈ ಯಂತ್ರಗಳು, ಕರ್ಣಾಟಕವೂ ಕರ್ನಾಟಕವೂ ಒಂದೇ ಎಂಬುದನ್ನು ಯಾವ ಕಾರ್ಡಿನ ನೆರವೂ ಇಲ್ಲದೆ ಗ್ರಹಿಸಬಲ್ಲವು, ಇದು ಅಲ್ಪಲಾಭವಲ್ಲ. ಆದರೆ ಅವು ಕೊಟ್ಟ ಪಟ್ಟಿಯನ್ನು ಹಿಡಿದು ಬಂದ ಸಂಶೋಧಕರಿಗೆ, ಲೇಖಕನ ಹೆಸರು, ಪ್ರಕಟಣೆಯ ವರ್ಷ ಎಲ್ಲವೂ ಒಪ್ಪವಾಗಿದ್ದರೂ, ಈ ಪುಸ್ತಕವನ್ನು ಯಾರೂ ಎಂದೂ ಬರೆದಿಲ್ಲವೆಂದು ತಿಳಿಸಬೇಕಾದ ಸಂದರ್ಭಗಳು ನನಗೆ ಬಂದಿವೆ. ಇರುವುದನ್ನು ಇದೆಯೆಂದೂ ಇಲ್ಲದುದನ್ನು ಇಲ್ಲವೆಂದೂ ಖಚಿತವಾಗಿ ನುಡಿಯುವ ಸೂಚಿ, ಈ ಹೊಸ ಕಾಲದಲ್ಲಿ ಹಿಂದೆಂದಿಗಿಂತಲೂ ಅವಶ್ಯವಾಗಿದೆ.

ಆ ಪ್ರಸಂಗವಾದ ತರುವಾಯ ನಮ್ಮಲ್ಲಿ ಒಂದು ಸಣ್ಣ ಕಾರ್ಯ ಆರಂಭವಾಯಿತು. ಪ್ರತಿ ಶನಿವಾರ ಮಧ್ಯಾಹ್ನ ನಾಲ್ಕೈದು ಮಂದಿ ವಿದ್ಯಾರ್ಥಿಗಳು ಮರದ ಪೆಟ್ಟಿಗೆಯ ಡ್ರಾಯರೊಂದನ್ನು ಮೇಜಿನ ಮೇಲಿರಿಸಿಕೊಂಡು, ‘ನೋಡಿ’ ಕಾರ್ಡುಗಳನ್ನು ಆರಿಸಿ, ಒಂದೊಂದನ್ನೂ ಗಣಕಕ್ಕೆ ಏರಿಸುತ್ತಾರೆ. ಕಾವ್ಯನಾಮಗಳ ನಾಡಾದ ನಮ್ಮಲ್ಲಿ ಇಂತಹ ಕಾರ್ಡುಗಳಿಗೆ ಬರವಿಲ್ಲ: ಶ್ರೀನಿವಾಸರನ್ನು ಅರಸಿದವನನ್ನು ಮಾಸ್ತಿಯವರೆಡೆಗೆ, ಕುವೆಂಪು ಅವರನ್ನು ಅರಸಿದವನನ್ನು ಪುಟ್ಟಪ್ಪನವರೆಡೆಗೆ ಕೈಹಿಡಿದು ಕರೆದೊಯ್ಯುವ ಕಾರ್ಡುಗಳು. ಕಳೆದ ವಾರ ಅವರು ‘ಮ’ ಡ್ರಾಯರಿಗೆ ಬಂದರು. ಅಲ್ಲಿ ಅದೇ ದುಂಡನೆಯ ಅಕ್ಷರದಲ್ಲಿ, “ಮುದ್ದಣ: ನಂದಳಿಕೆ ಲಕ್ಷ್ಮೀನಾರಣಪ್ಪ ಎಂಬಲ್ಲಿ ನೋಡಿ” ಎಂದಿತ್ತು, ಕೆಳಗೆ, ಬೇರೊಂದು ಶಾಯಿಯಲ್ಲಿ, ಬಹುಶಃ ವರ್ಷಗಳ ತರುವಾಯ, ಕವಿಯ ಜನನ ಮರಣಗಳ 1870, 1901 ಎಂಬ ಎರಡು ಇಸವಿಗಳನ್ನು ಅದೇ ಕೈ ಸೇರಿಸಿತ್ತು. ಅಂದು ಕವಿಚರಿತೆಯನ್ನು ಅರಸಿ ಬಂದಿದ್ದ ಹುಡುಗಿಯೇ ಆ ಕಾರ್ಡನ್ನು ಓದಿ ಹೇಳುತ್ತಿದ್ದಳು, ಪಕ್ಕದಲ್ಲಿದ್ದವನು ಟೈಪು ಮಾಡುತ್ತಿದ್ದನು.